ಜಂಬಾಳ ಎಂದರೆ ಏನರ್ಥ

ನಾನು ದೊಡ್ಡ ಸುಳ್ಳುಗಾರನೇನೂ ಅಲ್ಲ. ಟಿಕೆಟ್ ತೆಗೆದುಕೊಳ್ಳದೆ ಬಸ್ಸಿನಿಂದ ಇಳಿದವನಲ್ಲ. ಮೂವತ್ತೈದು ವರ್ಷದ ಮಿಲ್ಲಿನ ನೌಕರಿಯಲ್ಲಿ ಜ್ವರವೆಂದು ರಜೆ ಹಾಕಿ ಸಿನಿಮಾಕ್ಕೆ ಹೋದದ್ದು ಎರಡೇ ಸಲ, ಅದರಲ್ಲೂ ಎರಡನೆಯ ಸಲ ನಿಜವಾಗಿಯೂ ಸ್ವಲ್ಪ ಮೈ ಬಿಸಿಯಿತ್ತು. ಆದರೆ ಒಂದು ವಿಷಯದಲ್ಲಿ ಮಾತ್ರ ಬುದ್ಧಿ ಬಂದಾಗಿನಿಂದ ಕೇಳಿದವರಿಗೆಲ್ಲ ಬಾಯಿಗೆ ಬಂದದ್ದನ್ನು ಹೇಳಿಕೊಂಡು ಬಂದಿದ್ದೇನೆ. ಅದು ನನ್ನ ಹೆಸರಿನ ಅರ್ಥ. ನನ್ನ ಹೆಸರು ಜಂಬಾಳಪ್ಪ. ಶಾಲೆಯ ದಾಖಲೆಯಲ್ಲಿ ಮಾತ್ರ ಆ ಅಪ್ಪ. ಮನೆಯಲ್ಲಿ, ಊರಿನಲ್ಲಿ ಬರೀ ಜಂಬಾಳ. ಉಡುಮಲೈಪೇಟೆಯಿಂದ ಕೊಯಮತ್ತೂರಿನವರೆಗೆ ಇನ್ನೊಬ್ಬ ಜಂಬಾಳಪ್ಪ ನನಗೆ ಈವರೆಗೆ ಸಿಕ್ಕಿಲ್ಲ. ನಮ್ಮ ತರಗತಿಯಲ್ಲಿ ನಾಲ್ವರು ಸುಬ್ರಮಣಿಗಳಿದ್ದರು. ಮೇಷ್ಟ್ರು ಸುಬ್ರಮಣಿ ಎಂದು ಗದರಿದರೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಪಾರಾಗುತ್ತಿದ್ದರು. ಜಂಬಾಳಪ್ಪ ಎಂದರೆ ನನಗೆ ಪಾರಾಗುವ ದಾರಿಯೇ ಇರಲಿಲ್ಲ.

ಕರೆದವರು ಮುಂದೆ ಕೇಳುವುದು ಇದೊಂದೇ ಪ್ರಶ್ನೆ, ಹಾಗೆಂದರೆ ಏನರ್ಥ? ಗೊತ್ತಿಲ್ಲ ಎನ್ನಲು ನಾಚಿಕೆ. ಶಾಲೆಯಲ್ಲಿ ಅದು ಶಿವನ ಒಂದು ಹೆಸರು ಎಂದೆ. ಶಿವನಿಗೆ ಸಾವಿರ ಹೆಸರಿರುವುದರಿಂದ ಯಾರೂ ಎಣಿಸಿ ನೋಡಲಾರರು ಎಂಬ ಧೈರ್ಯ. ಮಿಲ್ಲಿಗೆ ಸೇರಿದ ಹೊಸತರಲ್ಲಿ ಸೂಪರ್‌ವೈಸರ್ ಕೇಳಿದಾಗ ಕನ್ನಡದ ರಾಜನೊಬ್ಬನ ಸೇನಾಪತಿ ಎಂದೆ. ಯಾವ ರಾಜ ಎಂದು ಅವರು ಕೇಳುವಷ್ಟರಲ್ಲಿ ಸೈರನ್ ಕೂಗಿ ನನ್ನ ಮಾನ ಉಳಿಯಿತು. ಹೆಣ್ಣು ನೋಡಲು ಹೋದಾಗ ಮಾವನವರು ಕೇಳಿದರು, ಬಂಗಾರದ ಬಣ್ಣದವನು ಎಂದುಬಿಟ್ಟೆ. ನನ್ನ ಬಣ್ಣವನ್ನು ಎದುರಿಗೇ ನೋಡುತ್ತಿದ್ದರೂ ಅವರು ಹೆಣ್ಣು ಕೊಟ್ಟರು. ಮಗ ನಾಲ್ಕನೆಯ ತರಗತಿಯಲ್ಲಿ ಮನೆಯವರ ಹೆಸರುಗಳ ಅರ್ಥ ಬರೆದುಕೊಂಡು ಹೋಗಬೇಕಾಗಿ ಬಂದಾಗ, ಜಂಬಾಳ ಎಂಬವನು ಒಬ್ಬ ಋಷಿ ಎಂದು ಬರೆಸಿದೆ. ಅದಕ್ಕೆ ಅವನ ಟೀಚರು ಕೆಂಪು ಶಾಯಿಯಲ್ಲಿ ಸರಿ ಗುರುತನ್ನೂ ಹಾಕಿದರು.

ನಿಜವಾಗಿ ನನಗೆ ಗೊತ್ತಿದ್ದದ್ದು ಇಷ್ಟೇ, ಹೆಸರಿಟ್ಟವರು ನಮ್ಮ ತಾತ. ನಮ್ಮ ಹಿರಿಯರು ಯಾವ ಕಾಲದಲ್ಲೋ ಕನ್ನಡವನ್ನು ಬಾಯಲ್ಲಿಟ್ಟುಕೊಂಡು ಈ ಕಡೆ ಬಂದು, ಉಡುಮಲೈ ಪಕ್ಕದ ಕೆಮ್ಮಣ್ಣಿನಲ್ಲಿ ಕಡಲೆಕಾಯಿ, ಹತ್ತಿ ಬೆಳೆದು ನಿಂತವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ನಮ್ಮಲ್ಲಿ ಯಾರಿಗೂ ಬಾರದು. ನನಗೆ ಬಂದದ್ದು ಮಿಲ್ಲಿನ ಸ್ಟೋರಿನಲ್ಲಿದ್ದ ಹಾವೇರಿ ಕಡೆಯ ಗೆಳೆಯನಿಂದ. ಊಟದ ಬಿಡುವಿನಲ್ಲಿ ನೂಲು ಸುತ್ತುವ ಬಾಬಿನ್ ಪೆಟ್ಟಿಗೆಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದ. ನಮ್ಮವರಲ್ಲಿ ಒಂದು ಪದ್ಧತಿಯಿದೆ. ಮೊದಲ ಗಂಡು ಮೊಮ್ಮಗುವಿಗೆ ತಂದೆಯ ತಂದೆಯ ಹೆಸರು. ಹಾಗೆ ನೋಡಿದರೆ ತಾತನ ತಿಮ್ಮಯ್ಯ ಎಂಬ ಹೆಸರು ನನಗೆ ಬರಬೇಕಿತ್ತು. ತಾತ ಕೊಡಲಿಲ್ಲ. ನನಗೆ ಜಂಬಾಳ ಎಂದಿಟ್ಟರು, ಎರಡು ವರ್ಷದ ಮೇಲೆ ಹುಟ್ಟಿದ ತಮ್ಮನಿಗೆ ಸಿಂಗಾಳ ಎಂದಿಟ್ಟರು. ಯಾಕೆಂದು ಅಪ್ಪನನ್ನು ಕೇಳಿದರೆ, ಇಟ್ಟವರನ್ನೇ ಕೇಳು ಎನ್ನುತ್ತಿದ್ದರು. ತಾತನನ್ನೇ ಕೇಳುವ ಧೈರ್ಯ ಬರುವ ಮೊದಲೇ ಅವರು ಹೋಗಿಬಿಟ್ಟರು. ತಾತನ ಬಗ್ಗೆ ನನಗೆ ನೆನಪಿರುವುದೆಂದರೆ ಅವರ ಕೂಗು. ಹೊಲದ ಅಂಚಿನಲ್ಲಿ ಕುಳಿತು, ಆ ತುದಿಯಿಂದ ಈ ತುದಿಗೆ ಕೇಳುವಂತೆ ನನ್ನ ಹೆಸರನ್ನು ಎಳೆದೆಳೆದು ಕೂಗುತ್ತಿದ್ದರು. ಆಡುವುದನ್ನು ಬಿಟ್ಟು ಓಡಿ ಹೋಗಿ ಏನು ತಾತ ಎಂದರೆ, ಒಂದೂ ಇಲ್ಲ, ಹೋಗು ಎನ್ನುತ್ತಿದ್ದರು. ಅಜ್ಜಿಯದು ಇನ್ನೊಂದು ವಿಚಿತ್ರ. ಊಟಕ್ಕೆ ಕುಳಿತರೆ ನಾನು ಬಲಕ್ಕೆ, ತಮ್ಮ ಎಡಕ್ಕೆ. ಬದಲಾಗಿ ಕುಳಿತರೆ ಎಬ್ಬಿಸಿ ಸರಿಯಾಗಿ ಕೂರಿಸಿಯೇ ಬಡಿಸುತ್ತಿದ್ದರು. ಹಳೆಯ ಕಾಲದವರಿಗೆ ಏನೇನೋ ಶಾಸ್ತ್ರ ಎಂದುಕೊಂಡು ನಾವು ತಿಂದು ಏಳುತ್ತಿದ್ದೆವು.

ಈ ವರ್ಷ ನನಗೆ ಮೊಮ್ಮಗ ಹುಟ್ಟಿದ. ಕೊಯಮತ್ತೂರಿನ ಸಿಂಗಾನಲ್ಲೂರಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಸಂತೋಷ. ನನ್ನ ಸಂತೋಷದಲ್ಲಿ ಸ್ವಲ್ಪ ಸ್ವಾರ್ಥವೂ ಇತ್ತು, ಮುಚ್ಚಿಡುವುದೇಕೆ. ಪದ್ಧತಿಯ ಪ್ರಕಾರ ಈಗ ನನ್ನ ಹೆಸರಿನ ಸರದಿ. ಲೋಕದಲ್ಲಿ ಒಬ್ಬನೇ ಇರುವ ಜಂಬಾಳ ನನ್ನೊಂದಿಗೇ ಮುಗಿದುಹೋಗಬಾರದು ಎಂಬ ಆಸೆ, ವಯಸ್ಸಾದಂತೆ ಮೊಣಕಾಲು ನೋವಿನ ಹಾಗೆ ಮೆಲ್ಲಗೆ ಶುರುವಾಗಿತ್ತು. ಮಗ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಮನೆಯಲ್ಲಿ ಅವನದು ಯಾವುದಕ್ಕೂ ತಕರಾರಿಲ್ಲ. ತಕರಾರು ಬಂದದ್ದು ಸೊಸೆ ವಾಣಿಯಿಂದ. ಅವಳು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಪೊಳ್ಳಾಚಿಯ ನಮ್ಮವರ ಮನೆಯದೇ ಹುಡುಗಿ, ಮಾತು ಮೆತ್ತಗೆ, ಪಟ್ಟು ಗಟ್ಟಿ. "ನಿಮ್ಮ ಪೇರು ಇಡಾಕೆ ನಂಗೆ ಬೇಜಾರಿಲ್ಲ ಮಾವಾ," ಎಂದಳು. "ನಾಳೆ ಇವನು ಅರ್ಥ ಏನಮ್ಮಾಂತ ಕೇಳ್ದರೆ ನಾನು ಏನ್ ಹೇಳ್ಲಿ, ಅದೊಂದು ಹೇಳಿಬಿಡಿಂಗ."

ಯಾವ ಅರ್ಥವನ್ನು ಹೇಳಲಿ ಎಂದು ನಾನು ಮನಸ್ಸಿನಲ್ಲಿ ಆರಿಸುತ್ತಿರುವಾಗಲೇ ಅಡುಗೆಮನೆಯಿಂದ ಹೆಂಡತಿ ಸರೋಜಾ ಬಂಗಾರದ ಬಣ್ಣ ಎಂದಳು, ಹಜಾರದಿಂದ ಮಗ ಋಷಿ ಎಂದ. ವಾಣಿ ಇಬ್ಬರನ್ನೂ ನೋಡಿ ಆಮೇಲೆ ನನ್ನನ್ನು ನೋಡಿದಳು. ಮಕ್ಕಳ ಉತ್ತರ ಪತ್ರಿಕೆ ತಿದ್ದುವವರ ಕಣ್ಣು ಅದು, ಅರ್ಥ ಗೊತ್ತಿಲ್ಲವೆಂದು ನಾನು ಒಪ್ಪಿಕೊಂಡೆ. ತೊಟ್ಟಿಲು ಶಾಸ್ತ್ರಕ್ಕೆ ಇಪ್ಪತ್ತು ದಿನವಿತ್ತು. ಅಷ್ಟರೊಳಗೆ ನಿಜವಾದ ಅರ್ಥ ಸಿಕ್ಕರೆ ಜಂಬಾಳ, ಸಿಗದಿದ್ದರೆ ವಾಣಿ ಆರಿಸಿಟ್ಟಿದ್ದ ರಿತ್ವಿಕ್ ಎಂದು ತೀರ್ಮಾನವಾಯಿತು. ರಿತ್ವಿಕ್‌ಗೆ ಅರ್ಥ ಸಿದ್ಧವಾಗಿಯೇ ಇತ್ತು.

ಇದರ ಜೊತೆಗೆ ಇನ್ನೊಂದು ತೊಡಕು. ತೊಟ್ಟಿಲ ದಿನ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದವಳು ತಂದೆಯ ತಾಯಿ. ಅಂದರೆ ಸರೋಜಾ. ಅವಳೋ ಗಂಡನ ಹೆಸರನ್ನು ಬಾಯಲ್ಲಿ ಎತ್ತದ ಹಳೆಯ ವ್ರತದವಳು. ಮದುವೆಯಾದಾಗಿನಿಂದ ನಾನು ಅವಳಿಗೆ 'ಏನುಂಗ', ಅಂದರೆ ಏನ್ರೀ. ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೆ ಬೆರಳು ಮಾಡಿ ನನ್ನನ್ನು ತೋರಿಸುತ್ತಾಳೆ, ನಾನು ಜೊತೆಯಲ್ಲಿಲ್ಲದಿದ್ದರೆ ರೇಷನ್ ಕಾರ್ಡು ತೋರಿಸುತ್ತಾಳೆ. ಇಂಥ ಸಂದರ್ಭದಲ್ಲಿ ಗಂಡನ ಅಕ್ಕತಂಗಿಯರು ಆ ಕೆಲಸ ವಹಿಸಿಕೊಳ್ಳುವುದುಂಟು. ನನಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಸರೋಜಾ ಸ್ಪಷ್ಟವಾಗಿ ಹೇಳಿದಳು, ಅರ್ಥ ಸಿಕ್ಕರೂ ಸಿಗದಿದ್ದರೂ ತಾನು ಆ ಹೆಸರನ್ನು ಹೇಳುವವಳಲ್ಲ ಎಂದು.

ಅದನ್ನು ಆಮೇಲೆ ನೋಡಿಕೊಳ್ಳೋಣವೆಂದು ಅರ್ಥದ ಬೆನ್ನು ಹತ್ತಿದೆ. ಮೊಬೈಲಿನಲ್ಲಿ ಹುಡುಕಿದರೆ ಮೊದಲ ದಿನವೇ ಅದೃಷ್ಟ ಖುಲಾಯಿಸಿತು. ಹಿಮಾಲಯದ ಕಡೆ ಬೌದ್ಧರು ಜಂಭಲ ಎಂಬ ದೇವರನ್ನು ಪೂಜಿಸುತ್ತಾರಂತೆ. ಸಂಪತ್ತಿನ ದೇವರು. ದೊಡ್ಡ ಹೊಟ್ಟೆ, ಕೈಯಲ್ಲೊಂದು ಮುಂಗುಸಿ, ಅದರ ಬಾಯಿಂದ ರತ್ನಗಳು ಉದುರುತ್ತಿರುತ್ತವೆ. ಹೊಟ್ಟೆಯ ಮಟ್ಟಿಗೆ ಹೋಲಿಕೆಯೂ ಇತ್ತು. ಒಂದು ಹಗಲೆಲ್ಲ ನಾನು ಸಂಪತ್ತಿನ ದೇವರಾಗಿ ಓಡಾಡಿದೆ. ಸಂಜೆ ವಾಣಿ ಚಿತ್ರವನ್ನು ನೋಡಿ, ಉಡುಮಲೈ ದಾಟಿ ಪಳನಿಗಿಂತ ಆಚೆ ಹೋಗದ ತಾತನಿಗೆ ಹಿಮಾಲಯದ ದೇವರು ಯಾರ ಮೂಲಕ ಗೊತ್ತಾದರು ಎಂದು ಕೇಳಿದಳು. ಮುಂಗುಸಿಯನ್ನು ಅಂದೇ ಹಿಮಾಲಯಕ್ಕೆ ವಾಪಸು ಕಳಿಸಿದೆ.

ಸಿಂಗಾನಲ್ಲೂರು ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಡೆಯಲು ಬರುವ ನಿವೃತ್ತ ತಮಿಳು ಪಂಡಿತರನ್ನು ಹಿಡಿದೆ. ಅವರು ನಡಿಗೆ ನಿಲ್ಲಿಸದೆಯೇ, ಜ ಎಂಬ ಅಕ್ಷರದಿಂದ ಶುರುವಾಗುವ ಯಾವ ಮಾತೂ ತಮಿಳಿನದಲ್ಲ, ಆದ್ದರಿಂದ ನಿನ್ನ ಹೆಸರಿನ ಹೊಣೆ ನಮ್ಮದಲ್ಲ ಎಂದು ಕೈತೊಳೆದುಕೊಂಡರು. ಹಾವೇರಿಯ ಗೆಳೆಯನಿಗೆ ಫೋನು ಮಾಡಿದೆ. ಅವನು ಮೊದಲು ಹೊಟ್ಟೆ ತುಂಬ ನಕ್ಕ. ತಮ್ಮ ಕಡೆ ಜಂಬ ಎಂದರೆ ಬಡಾಯಿ, ನಿನ್ನನ್ನು ಮೊದಲ ದಿನ ಕಂಡಾಗಲೇ ಹೆಸರು ಸರಿಯಾಗಿದೆ ಎಂದುಕೊಂಡಿದ್ದೆ ಎಂದ. ಮೂವತ್ತು ವರ್ಷ ಜೊತೆಯಲ್ಲಿ ಉಂಡವನು ಇದನ್ನು ಹೊಟ್ಟೆಯಲ್ಲಿ ಹೇಗೆ ಇಟ್ಟುಕೊಂಡಿದ್ದನೋ. ಆಮೇಲೆ ಪಾಪವೆನಿಸಿರಬೇಕು, ನಿಘಂಟು ತೆಗೆದು ನೋಡಿ ಮತ್ತೆ ಫೋನು ಮಾಡಿದ. ಸಂಸ್ಕೃತದಲ್ಲಿ ಜಂಬಾಲ ಎಂದಿದೆಯಂತೆ, ಅದಕ್ಕೆ ಕೆಸರು, ಪಾಚಿ ಎಂದು ಅರ್ಥವಂತೆ. ಒಂದೇ ವಾರದಲ್ಲಿ ನಾನು ಸಂಪತ್ತಿನ ದೇವರಿಂದ ಪಾಚಿಗೆ ಇಳಿದಿದ್ದೆ. ಇದನ್ನು ವಾಣಿಗೆ ಹೇಳಲಿಲ್ಲ.

ಕೊನೆಗೆ ಪಲ್ಲಡಂನಲ್ಲಿ ಕೋಳಿ ಫಾರಂ ಇಟ್ಟಿರುವ ತಮ್ಮ ಸಿಂಗಾಳನಿಗೆ ಕಷ್ಟ ತೋಡಿಕೊಂಡೆ. ಅವನಿಗೆ ತನ್ನ ಹೆಸರಿನ ಬಗ್ಗೆ ಯಾವ ಚಿಂತೆಯೂ ಇರಲಿಲ್ಲ. ಸಿಂಗ ಎಂದರೆ ಸಿಂಹ, ಅದರಲ್ಲಿ ಕೇಳುವುದೇನಿದೆ ಎಂಬ ಧೋರಣೆ. ಹುಟ್ಟಿದಾಗಿನಿಂದ ಸಿಂಹವಾಗಿದ್ದವನ ಗತ್ತಿನಲ್ಲೇ ಒಂದು ದಾರಿ ಹೇಳಿದ. ಉಡುಮಲೈ ಪಕ್ಕದಲ್ಲಿ ಮಾರ ಮಾಮ ಇನ್ನೂ ಗಟ್ಟಿಯಾಗಿದ್ದಾರೆ, ಅವರನ್ನು ಕೇಳು ಎಂದ. ಮಾರ ಮಾಮ ನಮ್ಮ ತಾತನ ತಂಗಿಯ ಮಗ, ಹುಡುಗನಾಗಿದ್ದಾಗ ತಾತನ ಜೊತೆ ತೋಟದಲ್ಲಿ ದುಡಿದವರು. ಎದುರಿಗೇ ಇದ್ದ ಮನುಷ್ಯನನ್ನು ಬಿಟ್ಟು ನಾನು ಹಿಮಾಲಯದವರೆಗೆ ಹೋಗಿ ಬಂದಿದ್ದೆ.

ತೊಟ್ಟಿಲಿಗೆ ನಾಲ್ಕು ದಿನವಿರುವಾಗ ಬಸ್ಸು ಹತ್ತಿದೆ. ಸರೋಜಾ ತಾನೂ ಬರುತ್ತೇನೆಂದು ಹೊರಟಳು. ನಾನು ಇನ್ನೊಬ್ಬ ಋಷಿಯನ್ನು ಹುಟ್ಟಿಸಿಕೊಂಡು ಬಂದೇನು ಎಂಬ ಅನುಮಾನ. ಎಂಬತ್ತು ದಾಟಿದ ಮಾರ ಮಾಮ ಮನೆಯ ಮುಂದೆ ಕುಳಿತು ತೆಂಗಿನ ಗರಿಯಿಂದ ಪೊರಕೆಗೆ ಕಡ್ಡಿ ಸೀಳುತ್ತಿದ್ದರು. ಪಕ್ಕದಲ್ಲೇ ನಮ್ಮ ಹಳೆಯ ಬಾವಿ, ಈಗ ಅದರ ಸುತ್ತ ಅವರ ತೆಂಗಿನ ಮರಗಳು. ಕಾಫಿ ಆಯಿತು, ಮೊಮ್ಮಗನ ತೂಕ ವಿಚಾರಿಸಿದ್ದಾಯಿತು. ಬಂದ ವಿಷಯ ಹೇಳಿದೆ. ಅವರು ಕಡ್ಡಿ ಸೀಳುವುದನ್ನು ನಿಲ್ಲಿಸದೆ ಹೇಳಿದರು.

"ಅದು ಎತ್ತಿನ ಪೇರಪ್ಪ. ಬಲಗಡೆ ಎತ್ತು ಜಂಬಾಳ, ಎಡಗಡೆ ಎತ್ತು ಸಿಂಗಾಳ."

ಸರೋಜಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಮೊದಲು ಹೊಳೆದದ್ದು, ಈ ಸುದ್ದಿಯನ್ನು ಪಲ್ಲಡಂನ ಸಿಂಹಕ್ಕೆ ಹೇಗೆ ತಿಳಿಸುವುದು ಎಂದು. ಎರಡನೆಯದಾಗಿ ಹೊಳೆದದ್ದು ಅಜ್ಜಿಯ ಊಟದ ಸಾಲು. ಬಲಕ್ಕೆ ನಾನು, ಎಡಕ್ಕೆ ತಮ್ಮ. ಅಜ್ಜಿ ಯಾವ ಶಾಸ್ತ್ರವನ್ನೂ ಮಾಡುತ್ತಿರಲಿಲ್ಲ, ಜೋಡಿ ಕಟ್ಟುತ್ತಿದ್ದರು ಅಷ್ಟೇ.

ಆಮೇಲೆ ಮಾಮ ನಿಧಾನವಾಗಿ ಬಿಡಿಸಿ ಹೇಳಿದರು. ಕರೆಂಟಿನ ಮೋಟಾರು ಬರುವ ಮೊದಲು ನಮ್ಮ ಬಾವಿಯಲ್ಲಿ ಕಪಿಲೆಯಿತ್ತು. ಬಾವಿಯ ಬಾಯಿಂದ ಆಚೆಗೆ ಒಂದು ಇಳಿಜಾರು. ಎರಡು ಎತ್ತುಗಳು ಅದರಲ್ಲಿ ಹಗ್ಗ ಎಳೆದುಕೊಂಡು ಇಳಿದರೆ ಚರ್ಮದ ಚೀಲದ ತುಂಬ ನೀರು ಮೇಲೆ ಬಂದು ತೊಟ್ಟಿಗೆ ಸುರಿಯಬೇಕು, ಎತ್ತುಗಳು ಹಿಂದಡಿಯಿಟ್ಟು ಏರಿದರೆ ಖಾಲಿ ಚೀಲ ಮತ್ತೆ ಬಾವಿಗೆ ಇಳಿಯಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಇದೇ ಕೆಲಸ. ತಾತ ಹಗ್ಗದ ಮೇಲೆ ಕುಳಿತು ಹೊಡೆಯುತ್ತಿದ್ದರು. ಇಳಿಯುವಾಗ ಜಂಬಾಳನನ್ನು ಕೂಗಬೇಕು, ಹಿಂದಕ್ಕೆ ಏರುವಾಗ ಸಿಂಗಾಳನನ್ನು ಕೂಗಬೇಕು. ಎತ್ತು ಮುದಿಯಾಗಿ ಹೊಸದು ಬಂದರೂ ಹೆಸರು ಬದಲಾಗುತ್ತಿರಲಿಲ್ಲ. ಬಲಗಡೆ ಯಾರು ನಿಂತರೂ ಅವನು ಜಂಬಾಳ. ತಾತನ ಅಪ್ಪನ ಕಾಲದಲ್ಲೂ ಅವೇ ಹೆಸರಂತೆ. ಅದಕ್ಕೆ ಏನರ್ಥ ಎಂದು ನಾನು ಬಿಡದೆ ಕೇಳಿದೆ. ಅರ್ಥ ಏನಿರುತ್ತದೆ, ಇಳಿಜಾರು ಎಷ್ಟುದ್ದವೋ ಹೆಸರು ಅಷ್ಟುದ್ದ ಎಂದರು. ಕಡ್ಡಿಯನ್ನು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಕೂಗಿ ತೋರಿಸಿದರು. ಜಂ ಎಂದಾಗ ಎತ್ತು ಮೇಲೆ ನಿಂತಿದೆ. ಬಾ ಎಂದು ಎಳೆದಷ್ಟೂ ಎತ್ತು ಇಳಿಯುತ್ತದೆ, ಹಗ್ಗ ಬಿಗಿಯುತ್ತದೆ, ಚೀಲ ಏರುತ್ತದೆ. ಳ ಎಂದು ಮುಗಿಸಿದಾಗ ನೀರು ಸುರಿದಿರಬೇಕು. ಅಂಗಳದ ಕೋಳಿಗಳು ಬೆದರಿ ದೂರ ಹೋದವು. ನಾನು ಮಾತ್ರ ಎಂಟು ವರ್ಷದವನಾಗಿ, ಹೊಲದ ಆ ತುದಿಯಲ್ಲಿ ಆಟ ನಿಲ್ಲಿಸಿ ನಿಂತುಬಿಟ್ಟಿದ್ದೆ. ತಾತನ ಕೂಗು ಅದೇ.

ನಾನು ಹುಟ್ಟುವ ಮೊದಲೇ ಮೋಟಾರು ಬಂದಿತ್ತಂತೆ. ಎತ್ತುಗಳನ್ನು ತಾತ ಮಾರಲಿಲ್ಲ, ಬೇವಿನ ಮರದ ಕೆಳಗೆ ಸುಮ್ಮನೆ ಕಟ್ಟಿ ಮೇವು ಹಾಕಿದರು. ಜಂಬಾಳ ಸತ್ತ ತಿಂಗಳಲ್ಲೇ ನಾನು ಹುಟ್ಟಿದೆ. ಎಲ್ಲರೂ ತಿಮ್ಮಯ್ಯ ಎಂದಿಡಲು ಸಿದ್ಧವಾಗಿದ್ದಾಗ ತಾತ ಬೇಡ ಎಂದರು. ಯಾಕೆಂದು ಮಾಮ ಆಗಲೇ ಕೇಳಿದ್ದರಂತೆ, ಉತ್ತರ ಅವರಿಗೆ ಮರೆತಿರಲಿಲ್ಲ.

"ನನ್ನ ಪೇರು ನಾನು ಸತ್ತ ಮೇಲೂ ಹೊಲದ ಪಟ್ಟಾದಲ್ಲಿ ಇರ್ತದೆ. ಜಂಬಾಳನ ಪೇರು ಎಲ್ಲಿ ಇರ್ತದೆ ಅಂದ್ರು ನಿಮ್ಮ ತಾತ. ನನ್ನ ಪೇರು ಇಟ್ರೆ ನನ್ನ ಹೆಂಡ್ತಿ ಕೂಗಾದಿಲ್ಲ, ಮನೆ ಹೆಂಗಸ್ರು ಯಾರೂ ಕೂಗಾದಿಲ್ಲ. ಪೇರು ಇರಾದು ಕೂಗಾಕೆ ತಾನೆ ಅಂದ್ರು."

ಒಂದೂ ಇಲ್ಲ, ಹೋಗು ಎಂದು ತಾತ ಕಳಿಸುತ್ತಿದ್ದದ್ದು ನೆನಪಾಯಿತು. ನಲವತ್ತು ವರ್ಷ ದಿನವಿಡೀ ಆ ಹೆಸರನ್ನು ಕೂಗಿದ ಬಾಯಿ. ಮೋಟಾರಿಗೆ ಹೆಸರಿಲ್ಲ, ಗುಂಡಿ ಒತ್ತಿದರೆ ಸಾಕು. ಪಾಪ, ಕೂಗಬೇಕೆನಿಸಿದಾಗ ಕೂಗಲು ಅವರಿಗೆ ಯಾರಾದರೂ ಬೇಕಿತ್ತು, ಬೇರೆ ಕೆಲಸವೇನೂ ಇರಲಿಲ್ಲ. ಎಷ್ಟೋ ಸಲ ನಾನು ಕೇಳಿಸದವನ ಹಾಗೆ ಆಟ ಮುಂದುವರಿಸಿದ್ದೆ. ಈಗ ಅದನ್ನು ನೆನೆದು ನನಗೆ ತುಂಬ ನೋವಾಯಿತು.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಸರೋಜಾಳ ಸ್ವಭಾವವಲ್ಲ. ಎರಡರಲ್ಲಿ ಯಾವ ಎತ್ತು ಚೆನ್ನಾಗಿ ಎಳೆಯುತ್ತಿತ್ತು ಎಂದು ಕೇಳಿದಳು. ಮಾಮ ನನ್ನ ಮುಖ ನೋಡಿ ಸ್ವಲ್ಪ ಹಿಂಜರಿದರು. ಆಮೇಲೆ, ಭಾರ ಎಳೆಯುತ್ತಿದ್ದದ್ದೆಲ್ಲ ಸಿಂಗಾಳ, ಜಂಬಾಳನದು ಕೊರಳ ಗೆಜ್ಜೆಯ ಸದ್ದು ಜಾಸ್ತಿ, ಅದಕ್ಕೇ ಅವನನ್ನು ಅಷ್ಟು ಕೂಗಬೇಕಾಗಿತ್ತು ಎಂದರು. ವಾಪಸು ಬರುವ ಬಸ್ಸಿನಲ್ಲಿ ಪಲ್ಲಡಂ ದಾಟುವವರೆಗೂ ಸರೋಜಾ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು. ತಮ್ಮನಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಬಹಳ ಹೊತ್ತು ಆ ಕಡೆಯಿಂದ ಕೋಳಿಗಳ ಸದ್ದು ಮಾತ್ರ ಕೇಳಿಸಿತು. ಯಾರು ಎಳೆಯುತ್ತಿದ್ದರು ಎಂಬುದನ್ನೂ ಹೇಳಿದ ಮೇಲೆ ಅವನು ಚೇತರಿಸಿಕೊಂಡು, ಹೋಗಲಿ ಬಿಡಣ್ಣ, ಅದು ನನಗೆ ಮೊದಲೇ ಗೊತ್ತಿತ್ತು ಎಂದ.

ಮನೆಗೆ ಬಂದು ವಾಣಿಗೆ ಒಂದನ್ನೂ ಮುಚ್ಚಿಡದೆ ಹೇಳಿದೆ. ಜೀವನದಲ್ಲಿ ಮೊದಲ ಸಲ ನನ್ನ ಹೆಸರಿನ ಬಗ್ಗೆ ನಿಜ ಹೇಳುತ್ತಿದ್ದೆ, ಅದೂ ಇಂಥ ನಿಜ. ಹೇಳಿ ಮುಗಿಸಿ ನಾನೇ, ಎತ್ತಿನ ಹೆಸರನ್ನು ಮಗುವಿಗೆ ಇಡುವುದು ಬೇಡ, ರಿತ್ವಿಕ್ ಎಂದೇ ಇರಲಿ ಎಂದೆ. ಹೇಳುವಾಗ ಉದಾರವಾಗಿ ಹೇಳಿದೆನಾದರೂ ಒಳಗೆ ಸಂಕಟವಾಗುತ್ತಿತ್ತು. ವಾಣಿ ಮಗುವನ್ನು ತೊಡೆಯ ಮೇಲೆ ಸರಿಯಾಗಿ ಮಲಗಿಸಿಕೊಂಡಳು.

"ನನ್ನ ಕ್ಲಾಸಲ್ಲೇ ಮೂರು ರಿತ್ವಿಕ್ ಇದಾರೆ ಮಾವಾ," ಎಂದಳು. "ಅರ್ಥ ಎಲ್ಲಾರ್ಗೂ ಇದೆ. ದುಡಿದಿರೋ ಪೇರು ಇದೊಂದೇ. ಇದೇ ಇಡೋಣ."

ಉಳಿದದ್ದು ಕಿವಿಯಲ್ಲಿ ಹೇಳುವ ತೊಡಕು. ತೊಟ್ಟಿಲ ದಿನ ಮನೆ ತುಂಬ ನೆಂಟರು. ಹೆಸರು ಹೇಳುವ ಹೊತ್ತಿಗೆ ಯಾರನ್ನು ಕರೆಯುವುದೆಂದು ನಾನು ಸುತ್ತ ನೋಡುತ್ತಿದ್ದೆ. ದೂರದ ಒಬ್ಬ ಅತ್ತೆ ಆಗಲೇ ಸೆರಗು ಸರಿಮಾಡಿಕೊಂಡು ಮುಂದೆ ಬರತೊಡಗಿದ್ದರು. ಅಷ್ಟರಲ್ಲಿ ಸರೋಜಾ ಎದ್ದು ತೊಟ್ಟಿಲ ಬಳಿ ಹೋದಳು, ಬಗ್ಗಿದಳು, ಮಗುವಿನ ಕಿವಿಯಲ್ಲಿ ಜಂಬಾಳ ಎಂದಳು. ಎರಡನೆಯ ಸಲ ನಮಗೂ ಕೇಳಿಸಿತು. ಮೂರನೆಯ ಸಲ ಬೀದಿಗೂ ಕೇಳಿಸಿರಬೇಕು. ಹೆಂಗಸರೆಲ್ಲ ಕೆನ್ನೆಗೆ ಕೈಯಿಟ್ಟುಕೊಂಡರು. ಗಂಡನ ಪೇರು ಹೇಳಿಬಿಟ್ಟೆಯಲ್ಲೇ ಎಂದು ಆ ಅತ್ತೆ ಕೇಳಿಯೇ ಬಿಟ್ಟರು.

"ಅವರ ಪೇರು ಎಲ್ಲಿ ಹೇಳ್ದೆ ಅತ್ತೆ, ನಾನು ಎತ್ತಿನ ಪೇರು ಹೇಳ್ದೆ," ಎಂದಳು ಸರೋಜಾ.

ಮೂವತ್ತಾರು ವರ್ಷದಲ್ಲಿ ಅವಳ ಬಾಯಿಂದ ನನ್ನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅದು ಇಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂದದ್ದರಿಂದ ಪಾಯಸದ ಪಾತ್ರೆ ನೋಡಿಕೊಂಡು ಬರುವವನ ಹಾಗೆ ಒಳಗೆ ಹೋದೆ.

ಈಗ ಎರಡು ತಿಂಗಳಾಯಿತು. ಸರೋಜಾ ವ್ರತ ಮುರಿದಿಲ್ಲ, ನಾನು ಈಗಲೂ 'ಏನುಂಗ'ವೇ. ಆದರೆ ಬೆಳಿಗ್ಗೆ ನಾನು ಪೇಪರು ಹಿಡಿದು ಎರಡನೆಯ ಕಾಫಿಗೆ ಕಾಯುತ್ತಿರುವಾಗ ಅವಳು ತೊಟ್ಟಿಲ ಮುಂದೆ ನಿಲ್ಲುತ್ತಾಳೆ. ಇನ್ನೂ ಕತ್ತು ನಿಲ್ಲದ ಆ ಕೂಸನ್ನು ನೋಡುತ್ತ, ಕೊರಳ ಗೆಜ್ಜೆ ಸದ್ದು ಮಾತ್ರ ಕೇಳ್ತದೆ, ಟ್ಯಾಂಕಿಗೆ ಒಂದು ಹನಿ ನೀರು ಏರಿಲ್ಲ, ಏಳು ಜಂಬಾಳ ಎಂದು ಉದ್ದಕ್ಕೆ ಎಳೆದು ಕೂಗುತ್ತಾಳೆ. ಕೂಸು ಕದಲುವುದಿಲ್ಲ. ನಾನು ಪೇಪರು ಮಡಿಸಿಟ್ಟು ಎದ್ದು ಹೋಗಿ ಮೋಟಾರು ಹಾಕುತ್ತೇನೆ.